ಮೇಜರ್ ಸಾಹೇಬರು ಹಿಡಿಯದ ಮೀನು

ನಮ್ಮ ಭಾವನವರು ಐರ್ಲೆಂಡ್ ದೇಶಕ್ಕೆ ಇವತ್ತಿನವರೆಗೂ ಕಾಲಿಟ್ಟವರಲ್ಲ. ಆದರೆ ಆ ದೇಶದ ಪಶ್ಚಿಮದ ಮೂಲೆಯಲ್ಲಿ, ಒಂದು ಹೊಳೆಯ ದಂಡೆಯ ಮೇಲೆ ನೂರು ವರ್ಷಗಳ ಹಿಂದೆ ನಡೆಯುತ್ತಿದ್ದ ಒಂದು ಬೇಟೆ ಬಂಗಲೆಯ ವಿಷಯ ಕೇಳಿ ನೋಡಿ. ಎಷ್ಟು ಕೋಣೆಗಳಿದ್ದವು, ಯಾವ ಕೋಣೆಯ ಹೊಗೆಗೂಡಿನಲ್ಲಿ ಕಾಗೆ ಸಂಸಾರ ಹೂಡಿತ್ತು, ಯಾವ ಅತಿಥಿ ತನ್ನ ನಾಯಿಯನ್ನು ಊಟದ ಮೇಜಿನ ಮೇಲೇ ಕೂರಿಸಿಕೊಳ್ಳುತ್ತಿದ್ದ, ಎಲ್ಲವನ್ನೂ ತಡವರಿಸದೆ ಹೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡ್ಯಾನ್‌ವಿಲ್‌ನಲ್ಲಿರುವ ತಮ್ಮ ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಿ. ನಮ್ಮಕ್ಕನನ್ನು ಕೂಗುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಂಡ್ಯದ ಕಡೆಯವರು. ಮಟನ್ ಸಾರು, ಮುದ್ದೆ ಬಿಟ್ಟರೆ ಬೇರೆ ಊಟವನ್ನು ಊಟವೆಂದು ಒಪ್ಪದವರು. ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಎದ್ದು ಹೋಗುವವರು. ಇಂಥವರು ಮೀನಿನ ಇತಿಹಾಸಕ್ಕೆ ಬಿದ್ದದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ಅವರು ಮಾಡುತ್ತಿದ್ದ ಕೆಲಸ ಏನೆಂದು ಹೇಳಬೇಕು.

ಅವರು ಮೂವತ್ತು ವರ್ಷ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧ ಕಂಪನಿಯೊಂದರಲ್ಲಿದ್ದರು. ಔಷಧ ಕಂಡುಹಿಡಿಯುವವರು ಬೇರೆ. ಅವರು ಬರೆದಿಟ್ಟ ಲಾಗ್‌ಬುಕ್ಕುಗಳಲ್ಲಿ ತಪ್ಪು ಕಂಡುಹಿಡಿಯುವವರು ನಮ್ಮ ಭಾವ. ಇಂಥ ದಿನ ಇಷ್ಟು ಹೊತ್ತಿಗೆ ಇಂಥವರು ಇಷ್ಟು ಬಿಸಿ ಮಾಡಿದರು ಎಂದು ಬರೆದಿರಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಿ, ತಾರೀಖು ಹಾಕಬೇಕು. ಗೀಚಿ ಅಳಿಸುವಂತಿಲ್ಲ. ಮೂಲ ದಾಖಲೆಗೆ ಹೊರಗಿನವರು ಪೆನ್ನು ತಾಗಿಸುವಂತಿಲ್ಲ. "ಬರೀಲಿಲ್ಲ ಅಂದ್ರೆ ನಡೀಲಿಲ್ಲ" ಎನ್ನುವುದು ಆ ವೃತ್ತಿಯ ಮೂಲಮಂತ್ರವಂತೆ. ಮಂತ್ರವನ್ನು ಆಫೀಸಿನಲ್ಲಿ ಬಿಟ್ಟು ಬಂದಿದ್ದರೆ ನಮಗೇನೂ ತಕರಾರಿರಲಿಲ್ಲ. ಒಂದು ಶನಿವಾರ ಅಕ್ಕ ಗ್ರೋಸರಿ ಪಟ್ಟಿಯಲ್ಲಿ ಬದನೆಕಾಯಿಯನ್ನು ಹೊಡೆದುಹಾಕಿದ್ದಳು. ಭಾವ ಚೀಟಿ ಹಿಡಿದು ಅಡುಗೆಮನೆಗೆ ಬಂದರು.

"ಇದನ್ನ ಹೊಡ್ದೋರ್ ಯಾರು? ಸಹಿ ಇಲ್ಲ. ಕಾರಣನೂ ಬರ್ದಿಲ್ಲ."

"ಹೊಡೆದಿದ್ದು ನಾನು," ಎಂದಳು ಅಕ್ಕ, ಒಗ್ಗರಣೆಯಿಂದ ತಲೆಯೆತ್ತದೆ. "ಕಾರಣ ನಿಮಗೆ ಗ್ಯಾಸು."

ಇಂಥ ಮನುಷ್ಯನಿಗೆ ನಿವೃತ್ತಿಯಾಯಿತು. ಉಳಿದವರು ನಿವೃತ್ತರಾದರೆ ಗಾಲ್ಫ್ ಆಡುತ್ತಾರೆ, ಟೊಮ್ಯಾಟೊ ಬೆಳೆಯುತ್ತಾರೆ. ಭಾವ ಮನೆಯೊಳಗೇ ತಪ್ಪು ಹುಡುಕತೊಡಗಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಕ್ಕ ನನಗೆ ಫೋನು ಮಾಡಿ, "ಲೇ, ಇವರಿಗೆ ಏನಾದರೂ ಹುಚ್ಚು ಹಿಡಿಸೇ, ಪುಣ್ಯ ಬರುತ್ತೆ," ಎಂದಳು. ದೇವರು ಅಕ್ಕನ ಮಾತನ್ನು ಕೇಳಿಸಿಕೊಂಡ. ಎಷ್ಟು ಹುಚ್ಚು ಎಂದು ಅವಳು ಅಳತೆ ಹೇಳಿರಲಿಲ್ಲ, ಅಷ್ಟೇ.

ಆ ವಾರವೇ ಅವರ ಮನೆಯಿಂದ ನಾಲ್ಕು ಬೀದಿ ಆಚೆ ಎಸ್ಟೇಟ್ ಸೇಲ್ ನಡೆಯಿತು. ನಮ್ಮಲ್ಲಿ ಎಸ್ಟೇಟ್ ಎಂದರೆ ಕಾಫಿ ತೋಟ. ಇಲ್ಲಿ ಹಾಗಲ್ಲ. ವಯಸ್ಸಾದವರು ತೀರಿಕೊಂಡಾಗಲೋ ವೃದ್ಧರ ಮನೆಗೆ ಸೇರಿದಾಗಲೋ ಅವರ ಮನೆಯಲ್ಲಿರುವ ಚಮಚದಿಂದ ಮಂಚದವರೆಗೆ ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸಿ ಬಾಗಿಲು ತೆರೆದಿಡುತ್ತಾರೆ. ನಾನೂ ಅಕ್ಕನೂ ಪಿಂಗಾಣಿ ತಟ್ಟೆಗಳನ್ನು ನೋಡುತ್ತಿದ್ದೆವು. ಭಾವ ಎಲ್ಲಿ ಎಂದು ಹುಡುಕಿದರೆ ಗ್ಯಾರೇಜಿನ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಹಸಿರು ತೊಗಲಿನ ಹೊದಿಕೆಯ ದೊಡ್ಡದೊಂದು ಪುಸ್ತಕ. ಮುಖದಲ್ಲಿ, ಕಳೆದುಹೋದ ಎಮ್ಮೆ ಸಿಕ್ಕಿದವರ ಕಳೆ.

"ಲಾಗ್‌ಬುಕ್ಕು ಕಣವ್ವ," ಎಂದರು ನನ್ನ ಕಡೆ ನೋಡಿ, ಮೆಲ್ಲಗೆ. "ನೂರ್ ವರ್ಷದ್ದು. ಯಾರೂ ಚೆಕ್ ಮಾಡಿಲ್ಲ."

ಅದು ಐರ್ಲೆಂಡಿನ ಬೇಟೆ ಬಂಗಲೆಯೊಂದರ ದಿನಚರಿ. ಯಾವ ದಿನ ಯಾವ ಅತಿಥಿ ಎಷ್ಟು ಹಕ್ಕಿ ಹೊಡೆದ, ಎಷ್ಟು ತೂಕದ ಮೀನು ಹಿಡಿದ, ಮಳೆಯಿತ್ತೇ ಬಿಸಿಲಿತ್ತೇ, ಕೊನೆಯಲ್ಲಿ ಷರಾ. ಗೆರೆ ಎಳೆದ ಅಂಕಣಗಳು. ಭಾವನಿಗೆ ಇನ್ನೇನು ಬೇಕು?

ಅಂದಿನಿಂದ ಡ್ಯಾನ್‌ವಿಲ್‌ನ ಆ ಮನೆಯ ಊಟದ ಮೇಜು ಐರ್ಲೆಂಡಿಗೆ ಸೇರಿತು. ಲೈಬ್ರರಿಯಿಂದ ದಪ್ಪ ಪುಸ್ತಕಗಳು ಬಂದವು, ಗೋಡೆಗೆ ನಕ್ಷೆ ಬಂತು. ನಾವು ಮುದ್ದೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾಠ ಕೇಳಬೇಕಾಯಿತು. ಜಮೀನ್ದಾರರ ದೊಡ್ಡ ಮನೆ ಬೇರೆಯಂತೆ, ಬೇಟೆಯ ಬಂಗಲೆ ಬೇರೆಯಂತೆ. ದೊಡ್ಡ ಮನೆ ಇರುವುದು ಬಯಲಿನಲ್ಲಿ, ಸುತ್ತ ಗೇಣಿ ಕೊಡುವ ಒಕ್ಕಲುಗಳು. ಬೇಟೆ ಬಂಗಲೆ ಇರುವುದು ದೂರದ ಗುಡ್ಡದ ಬುಡದಲ್ಲೋ ಹೊಳೆಯ ಪಕ್ಕದಲ್ಲೋ. ಯಜಮಾನರು ವರ್ಷದಲ್ಲಿ ಕೆಲವೇ ವಾರ ಗೆಳೆಯರನ್ನು ಕಟ್ಟಿಕೊಂಡು ಬರುತ್ತಿದ್ದರು. ಮಿಕ್ಕ ತಿಂಗಳುಗಳಲ್ಲಿ ಗೋಡೆಗೆ ತೇವ ಹಿಡಿಯದ ಹಾಗೆ ಆಳುಗಳು ಖಾಲಿ ಕೋಣೆಗಳಲ್ಲಿ ಬೆಂಕಿ ಹಾಕುತ್ತ ಕೂರಬೇಕು.

"ಅವರು ಯಾರೂ ಇಲ್ಲದ ಮನೆ ಕಾಯ್ತಿದ್ರು. ನಾನು ಇದ್ದೂ ಇಲ್ಲದ ಗಂಡನ್ನ ಕಾಯ್ತಿದ್ದೀನಿ," ಎಂದಳು ಅಕ್ಕ.

ಪಾಠ ಮನೆಯೊಳಗೇ ಉಳಿದಿದ್ದರೆ ಚೆನ್ನಾಗಿತ್ತು. ಹಾಸನದ ಕಡೆಯ ನಮ್ಮ ಗೆಳೆಯರೊಬ್ಬರು ಪಕ್ಕದ ಊರು ಸ್ಯಾನ್ ರಮೋನಿನಲ್ಲಿ ಹೊಸ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದರು. ಎತ್ತರದ ಛಾವಣಿ, ಅದರ ಗಾಜಿನಿಂದ ಇಳಿಯುವ ಬೆಳಕು. ಮನೆಯಾತ ಅದನ್ನೇ ಎಲ್ಲರಿಗೂ ಕತ್ತೆತ್ತಿಸಿ ತೋರಿಸುತ್ತಿದ್ದ. ಭಾವನೂ ಕತ್ತೆತ್ತಿ ನೋಡಿದರು. ಆಮೇಲೆ, ಐರ್ಲೆಂಡಿನಲ್ಲಿ ಜಮೀನೆಲ್ಲ ಒಕ್ಕಲುಗಳಿಗೆ ಹಂಚಿಹೋದ ಮೇಲೆ ದೊಡ್ಡ ಮನೆಗಳ ಗತಿ ಏನಾಯಿತೆಂದು ಹೇಳಲು ಶುರುಮಾಡಿದರು. ಕೆಲವನ್ನು ಸುಟ್ಟರು. ಕೆಲವು ಕಾನ್ವೆಂಟುಗಳಾದವು, ಕೆಲವು ಹೋಟೆಲುಗಳಾದವು. ಇನ್ನು ಕೆಲವಕ್ಕೆ ತೆರಿಗೆ ಕಟ್ಟಲಾರದೆ ಮಾಲೀಕರೇ ಛಾವಣಿ ಕಿತ್ತುಹಾಕಿದರು.

"ಸೂರು ಇದ್ರೆ ತಾನೇ ಮನೆ? ಸೂರು ತೆಗೆದ್ರೆ ತೆರಿಗೆ ಇಲ್ಲ," ಎಂದರು ಭಾವ, ಆ ಗಾಜನ್ನೇ ನೋಡುತ್ತ. "ನಿಮ್ಮದು ಎಷ್ಟಪ್ಪ ಬರ್ತದೆ, ಪ್ರಾಪರ್ಟಿ ಟ್ಯಾಕ್ಸು?"

ಪುರೋಹಿತರು ಅರ್ಧ ಮಂತ್ರದಲ್ಲಿ ಕೆಮ್ಮಿದರು. ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ.

ಹೀಗೆ ಆರು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಭಾವ ಫೋನು ಮಾಡಿ, "ಸಿಕ್ತು. ಬಾ," ಎಂದು ಇಟ್ಟುಬಿಟ್ಟರು. ನಾನು ಏನೋ ಎಂದು ಗಾಬರಿಯಿಂದ ಹೋದೆ. ಭಾವ ಭೂತಗನ್ನಡಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅವರ ಮಗಳು ಚಿನ್ನಿ. ಓಕ್ಲ್ಯಾಂಡಿನಲ್ಲಿ ಆಸ್ಪತ್ರೆಯ ಕೆಲಸ ಅವಳಿಗೆ. ಇಲ್ಲೇ ಹುಟ್ಟಿದ ಮಗು, ನಾವು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ನಗುತ್ತಾಳೆ.

ಭಾವ ತೋರಿಸಿದ್ದು ಎರಡು ಸಾಲುಗಳನ್ನು. ಒಂದು ಸೋಮವಾರದ ಷರಾದಲ್ಲಿ ಹೀಗಿತ್ತು: ಅತಿಥಿ ಮೇಜರ್ ಸಾಹೇಬರು ಬಂಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ, ಡಾಕ್ಟರು ಮೂರು ದಿನ ಹಾಸಿಗೆ ಬಿಟ್ಟೇಳಬಾರದು ಎಂದಿದ್ದಾರೆ. ಅದರ ಕೆಳಗೇ ಬುಧವಾರದ ಸಾಲು. ಮೂವತ್ತು ಪೌಂಡು ಮೀರಿದ ಸಾಲ್ಮನ್ ಮೀನು, ಆ ಬಂಗಲೆಯ ಇತಿಹಾಸದಲ್ಲೇ ದೊಡ್ಡದು. ಹಿಡಿದವರು ಮೇಜರ್ ಸಾಹೇಬರು.

"ಹಾಸಿಗೆ ಮೇಲೆ ಮಲಗಿದ್ದೋನು ಹೊಳೇಲಿ ಮೀನ್ ಹೆಂಗ್ ಹಿಡ್ದ?" ಎಂದರು ಭಾವ.

"ಮೇ ಬಿ ಹೀ ಫೆಲ್ಟ್ ಬೆಟರ್, ಅಪ್ಪ," ಎಂದಳು ಚಿನ್ನಿ.

"ಗುರುವಾರದ ಷರಾ ಓದು. 'ಮೇಜರ್ ಇವತ್ತು ಮೊದಲ ಸಲ ಮೆಟ್ಟಿಲು ಇಳಿದರು.' ಅಂದ್ಮೇಲೆ?"

ಆ ಬಂಗಲೆ ಈಗ ಹೋಟೆಲಾಗಿದೆ. ಅದರ ವೆಬ್‌ಸೈಟಿನಲ್ಲಿ ಹಜಾರದ ಚಿತ್ರವಿತ್ತು. ಗೋಡೆಯ ಮೇಲೆ ಮರದಲ್ಲಿ ಕೆತ್ತಿಸಿದ ಆ ದೊಡ್ಡ ಮೀನಿನ ಪ್ರತಿರೂಪ, ಅದರ ಕೆಳಗೆ ಮೇಜರ್ ಸಾಹೇಬರ ಹೆಸರು. ನೂರು ವರ್ಷದಿಂದ ಒಂದು ತಪ್ಪು ದಾಖಲೆ ಗೋಡೆಯ ಮೇಲೆ ನೇತಾಡುತ್ತಿದೆ ಎಂದು ಭಾವನಿಗೆ ಆ ಬೆಳಿಗ್ಗೆ ಗೊತ್ತಾಯಿತು. ಅವರ ತಿಂಡಿ ಮುಟ್ಟದೆ ಉಳಿಯಿತು.

ಆದರೂ ಆತುರಪಡುವ ಜಾಯಮಾನ ಅವರದಲ್ಲ. ಪರೀಕ್ಷೆ ಆಗಬೇಕು ಎಂದರು. ಉಳುಕಿದ ಕಾಲಿನವನು ಕೂತಲ್ಲೇ ಅಷ್ಟು ದೊಡ್ಡ ಮೀನನ್ನು ಹಿಡಿಯಬಹುದೇ ಇಲ್ಲವೇ? ಒಂದು ಗಾಳದ ಕೋಲು ಕೊಂಡು ತಂದರು. ಮನೆಯ ಹಿಂದಿನ ನಡಿಗೆಯ ಹಾದಿಯಲ್ಲಿ ಮಡಿಸುವ ಕುರ್ಚಿ ಹಾಕಿ, ಒಂದು ಕಾಲನ್ನು ಐಸ್ ಪೆಟ್ಟಿಗೆಯ ಮೇಲಿಟ್ಟು ಕೂತರು. ದಾರದ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿದರು.

"ನಾನ್ಯಾಕೆ ಭಾವ ಮೀನು?"

"ನಿಮ್ಮಕ್ಕ ಒಲ್ಲೆ ಅಂದ್ಲು. ಓಡವ್ವ."

ಓಡಿದೆ. ಐವತ್ತು ವರ್ಷದ ಹೆಂಗಸು, ಸಲ್ವಾರು ಕಮೀಜು, ಸೊಂಟದಲ್ಲಿ ದಾರ. ಹತ್ತು ಹೆಜ್ಜೆಗೆ ಕೋಲು ಭಾವನ ಕೈಯಿಂದ ಹಾರಿತು. ಎರಡನೆಯ ಸಲ ಕುರ್ಚಿ ಮಗುಚಿತು. ಮೂರನೆಯ ಸಲ ಸೈಕಲ್ಲಿನಲ್ಲಿ ಬರುತ್ತಿದ್ದ ಬಿಳಿಯ ದಂಪತಿ ಇಳಿದು ನಿಂತು, ನನ್ನ ಕಡೆ ತಿರುಗಿ, ನಿಮಗೇನಾದರೂ ಸಹಾಯ ಬೇಕೇ ಎಂದು ಬಹಳ ಮೃದುವಾಗಿ ಕೇಳಿದರು. ಭಾವ ನೆಲದಲ್ಲಿ ಬಿದ್ದುಕೊಂಡೇ "ರಿಸರ್ಚ್" ಎಂದರು. ಮೇಜರ್ ಸಾಹೇಬರು ಮೀನು ಹಿಡಿದಿಲ್ಲ ಎಂಬುದು ಅಲ್ಲಿಗೆ ಸಾಬೀತಾಯಿತು. ನನ್ನ ಮಂಡಿ ನೋವು ಇನ್ನೂ ಹೋಗಿಲ್ಲ.

ಹಾಗಾದರೆ ಹಿಡಿದವರು ಯಾರು? ಪುಸ್ತಕದಲ್ಲಿ ಯಜಮಾನರ ಹೆಸರುಗಳಿದ್ದವು, ಅತಿಥಿಗಳ ಹೆಸರುಗಳಿದ್ದವು. ಬಂಗಲೆಯ ಬಗ್ಗೆ ಬೇರೆ ಪುಸ್ತಕಗಳಲ್ಲೂ ಅವೇ. ಒಂದು ಸಂಜೆ ಭಾವ ಕನ್ನಡಕ ತೆಗೆದಿಟ್ಟು ನನಗೆ ಹೇಳಿದರು: "ನಾಯಿಗಳ ಹೆಸರೂ ಬರ್ದವ್ರೆ ಕಣವ್ವ. ಹನ್ನೊಂದು ನಾಯಿ. ಯಾವ್ದು ಯಾವತ್ತು ಸತ್ತೋಯ್ತು ಅಂತ್ಲೂ ಬರ್ದವ್ರೆ. ಅಷ್ಟು ಜನಕ್ಕೆ ಬೇಯಿಸಿ ಹಾಕಿದೋರು ಯಾರು ಅಂತ ಒಂದ್ ಸಾಲಿಲ್ಲ." ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಪುಸ್ತಕ ಐರ್ಲೆಂಡಿನಿಂದ ಡ್ಯಾನ್‌ವಿಲ್‌ಗೆ ಬಂದದ್ದಾದರೂ ಹೇಗೆ? ಇದನ್ನು ಮೊದಲು ಕೇಳಿದವಳು ಚಿನ್ನಿ. ಭಾವ ಎಸ್ಟೇಟ್ ಸೇಲ್ ನಡೆಸಿದ ಹೆಂಗಸಿನ ಬೆನ್ನು ಬಿದ್ದರು. ಆಕೆ ಗಿರಾಕಿಗಳ ವಿಳಾಸ ಕೊಡುವುದಿಲ್ಲ ಎಂದಳು. ಭಾವ ಒಂದು ಕಾಗದ ಬರೆದು, ಇದನ್ನು ಆ ಮನೆಯವರಿಗೆ ಮುಟ್ಟಿಸಿ ಸಾಕು ಎಂದರು. ಆಕೆ ಮುಟ್ಟಿಸಿದ್ದಾಳೋ ಇಲ್ಲವೋ ಎಂದು ಎರಡು ವಾರಕ್ಕೊಮ್ಮೆ ಹೋಗಿ ವಿಚಾರಿಸಿದರು. ನಾಲ್ಕನೆಯ ಸಲ ಹೋದಾಗ ಅಕ್ಕ ಮಾಡಿದ ಕೋಡುಬಳೆಯನ್ನೂ ಒಯ್ದಿದ್ದರು. ಅದಾದ ಮೂರನೆಯ ದಿನ ಫೋನು ಬಂತು. ಮನೆಯೊಡತಿ ಬದುಕಿದ್ದರು. ತೊಂಬತ್ತು ದಾಟಿದ ಅಜ್ಜಿ, ಹೆಸರು ಮೌರಾ. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಬಹಳ ಕಾಲ ನರ್ಸಾಗಿದ್ದವರು, ಈಗ ಅಲ್ಲೇ ಒಂದು ವೃದ್ಧರ ಮನೆಯಲ್ಲಿ ಇದ್ದರು. ಮದುವೆಯಾದವರಲ್ಲ.

ನಾವು ಮೂವರೂ ಹೋದೆವು, ಭಾವ, ಚಿನ್ನಿ, ನಾನು. ಅಜ್ಜಿ ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿದ್ದರು. ಭಾವನ ಕಂಕುಳಲ್ಲಿದ್ದ ಹಸಿರು ಪುಸ್ತಕವನ್ನು ನೋಡಿ ಮೊದಲು ಹೇಳಿದ್ದು ಇದು: "ವಾಪಸ್ ಕೊಡೋಕೆ ಬಂದಿದ್ದರೆ ತಗೊಳ್ಳಲ್ಲ. ಇಲ್ಲಿ ಒಂದು ಕಪಾಟು ಮಾತ್ರ ಕೊಟ್ಟಿದ್ದಾರೆ."

ಭಾವ ನಮಸ್ಕಾರ ಹೇಳಿ, ಪುಸ್ತಕ ತೆರೆದು, ಸೋಮವಾರದ ಷರಾ, ಬುಧವಾರದ ಸಾಲು, ಗುರುವಾರದ ಷರಾ ಮೂರನ್ನೂ ಓದಿದರು. ತಮ್ಮ ಸಂದೇಹವನ್ನು ವಿವರಿಸಿದರು. ಅಜ್ಜಿ ಬುಧವಾರದ ಸಾಲಿನ ಮೇಲೆ ಬೆರಳಿಟ್ಟರು.

"ಇಷ್ಟು ವರ್ಷದಲ್ಲಿ ಇದನ್ನು ಗಮನಿಸಿದವನು ನೀನೊಬ್ಬನೇ," ಎಂದರು. "ಅದು ನಮ್ಮಮ್ಮನ ಮೀನು."

ಅಮ್ಮನ ಹೆಸರು ಬ್ರೈಡಿ. ಹದಿನೇಳು ವರ್ಷ. ಆ ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ. ಅವಳ ಚಿಕ್ಕಪ್ಪ ಅಲ್ಲೇ ಗಿಲ್ಲಿ. ಗಿಲ್ಲಿ ಎಂದರೆ ನಮ್ಮ ಚಿನ್ನಿದಾಂಡಿನ ಗಿಲ್ಲಿಯಲ್ಲ. ದೊರೆಗಳು ಮೀನು ಹಿಡಿಯಲು ಹೋದಾಗ ಗಾಳ ಸಿದ್ಧಮಾಡಿ, ಮೀನು ಎಲ್ಲಿದೆ ಎಂದು ತೋರಿಸಿ, ಸಿಕ್ಕಿದ ಮೇಲೆ ಹೊತ್ತು ತರುವ ಆಳು. ಆ ಬುಧವಾರ ಬ್ರೈಡಿ ಒಲೆಗೆ ರೊಟ್ಟಿ ಇಟ್ಟು ಹೊಳೆಗೆ ನೀರಿಗೆ ಹೋದಳು. ಚಿಕ್ಕಪ್ಪ ದಂಡೆಯ ಮೇಲೆ ಕೋಲು ಒರಗಿಸಿ ಊಟಕ್ಕೆ ಹೋಗಿದ್ದ. ಹುಡುಗಿಗೆ ಏನನ್ನಿಸಿತೋ, ಬಿಂದಿಗೆ ಕೆಳಗಿಟ್ಟು ಕೋಲು ಎತ್ತಿಕೊಂಡಳು.

"ಒಂದು ಗಂಟೆಗೂ ಮೇಲೆ ಎಳೆದಾಡಿತಂತೆ," ಎಂದರು ಮೌರಾ. "ಸೊಂಟದವರೆಗೂ ನೀರಿಗಿಳಿದಿದ್ದಾಳೆ. ಚಿಕ್ಕಪ್ಪ ಓಡಿ ಬಂದು ಕೋಲು ಕೊಡು ಅಂದರೆ ಕೊಡಲಿಲ್ಲ. ಕೈ ಕುಯ್ದು ರಕ್ತ ಬಂದರೂ ಬಿಡಲಿಲ್ಲ."

ಮೀನು ದಡಕ್ಕೆ ಬಂದ ಮೇಲೆ ಇಬ್ಬರಿಗೂ ಭಯ ಹತ್ತಿತು. ದೊರೆಗಳ ಹೊಳೆಯಲ್ಲಿ ಆಳು ಹುಡುಗಿ ಗಾಳ ಹಾಕಿದಳು ಎಂದರೆ ಇಬ್ಬರ ಕೆಲಸವೂ ಹೋಗುತ್ತದೆ. ಚಿಕ್ಕಪ್ಪ ಮೀನು ಹೊತ್ತುಕೊಂಡು ಹೋಗಿ ಮೇಜರ್ ಸಾಹೇಬರ ಹಾಸಿಗೆಯ ಪಕ್ಕ ನಿಂತು ನಿಜ ಹೇಳಿದ. ಮೂರು ದಿನದಿಂದ ಬೇಸರದಲ್ಲಿ ಮಲಗಿದ್ದ ಸಾಹೇಬರು ಮೀನನ್ನು ನೋಡಿದರು, ನಕ್ಕರು, ನನ್ನ ಹೆಸರಿಗೆ ಬರೆ ಎಂದರು. ಚಿಕ್ಕಪ್ಪನಿಗೆ ಒಂದು ಬಾಟಲಿ ವಿಸ್ಕಿ ಸಿಕ್ಕಿತು.

"ನಿಮ್ಮ ತಾಯಿಗೆ?" ಎಂದು ಕೇಳಿದರು ಭಾವ.

"ಅಡುಗೆಯವಳಿಂದ ಎರಡು ಏಟು. ರೊಟ್ಟಿ ಸೀದು ಹೋಗಿತ್ತಲ್ಲ."

ಕೆಲವು ವರ್ಷದ ಮೇಲೆ ಬಂಗಲೆ ಮಾರಾಟವಾಯಿತು. ಹಳೆಯ ಕಾಗದ ಪತ್ರಗಳನ್ನೆಲ್ಲ ಒಲೆಗೆ ಹಾಕು ಎಂದು ಬ್ರೈಡಿಗೆ ಹೇಳಿದರು. ಎಲ್ಲ ಹಾಕಿದಳು, ಇದೊಂದನ್ನು ಬಿಟ್ಟು. ಇದನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಹಡಗು ಹತ್ತಿ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಇಲ್ಲೂ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡಿದಳು.

"ನೀನೇ ಪೆನ್ನು ತಗೊಂಡು ಅಲ್ಲಿ ಅಮ್ಮನ ಹೆಸರು ಬರೆದುಬಿಡು ಮಾರಾಯ," ಎಂದರು ಮೌರಾ.

ಭಾವ ಪುಸ್ತಕವನ್ನು ಮುಚ್ಚಿ ಎದೆಗೊತ್ತಿಕೊಂಡರು. ಮೂಲ ದಾಖಲೆಯ ಮೇಲೆ ಬರೆಯುವುದೇ? ಹಾಗೆ ಮಾಡಿದರೆ ತನಗೂ ಮೇಜರ್‌ಗೂ ಏನು ವ್ಯತ್ಯಾಸ ಎಂದರು. ಬೇರೆ ಹಾಳೆಯಲ್ಲಿ ಅಜ್ಜಿಯ ಮಾತುಗಳನ್ನು ಅಕ್ಷರ ಬಿಡದೆ ಬರೆದರು. ಮೂರು ಪುಟವಾಯಿತು. ಪ್ರತಿ ಪುಟಕ್ಕೂ ಅಜ್ಜಿಯ ಸಹಿ, ಸಾಕ್ಷಿಗೆ ಚಿನ್ನಿಯದೂ ನನ್ನದೂ ಸಹಿ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಜ್ಜಿ, "ಔಷಧ ಕೊಡುವಾಗಲೂ ನಾನು ಇಷ್ಟು ಸಹಿ ಹಾಕಿಲ್ಲ," ಎಂದು ಗೊಣಗಿದರು. ಆದರೆ ಹೊರಡುವಾಗ ಭಾವನ ಕೈ ಹಿಡಿದುಕೊಂಡು, "ಮುಂದಿನ ಗುರುವಾರ ಬಾ, ನಾಯಿಗಳ ಕಥೆ ಹೇಳ್ತೀನಿ," ಎಂದರು.

ಅಲ್ಲಿಂದ ಶುರುವಾಯಿತು ಪತ್ರಸಮರ. ಭಾವ ಹೋಟೆಲಿನ ಮ್ಯಾನೇಜರಿಗೆ ಬರೆದರು. ಹೇಳಿಕೆಯ ಪ್ರತಿ, ಪುಸ್ತಕದ ಮೂರು ಸಾಲುಗಳ ಫೋಟೋ, ಎಲ್ಲ ಲಗತ್ತು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು, ಜೊತೆಗೆ ಎರಡು ದಿನ ತಂಗಿದರೆ ಬೆಳಗಿನ ತಿಂಡಿ ಉಚಿತ ಎಂಬ ಕೂಪನ್ನು. ಭಾವ ಎರಡನೆಯ ಪತ್ರ ಬರೆದರು. ಉತ್ತರವಿಲ್ಲ. ಮೂರನೆಯದು, ನಾಲ್ಕನೆಯದು. ತಿಂಗಳ ಮೊದಲ ಸೋಮವಾರ ಬಂದರೆ ಒಂದು ಪತ್ರ ಹೋಗಲೇಬೇಕು.

"ಬಿಟ್ಟುಬಿಡ್ರೀ," ಎಂದಳು ಅಕ್ಕ ಏಳನೆಯ ಪತ್ರದ ಹೊತ್ತಿಗೆ. "ಆ ಮೀನು ಸತ್ತು ನೂರು ವರ್ಷ ಆಯ್ತು."

"ಮೀನಿಗೋಸ್ಕರ ಅಲ್ಲ ಕಣೇ."

"ಮತ್ತೆ ಯಾರಿಗೆ? ಆ ಹುಡುಗಿಯೂ ಇಲ್ಲ, ಮೇಜರೂ ಇಲ್ಲ."

"ಮೌರಾ ಇನ್ನೂ ಇದಾರಲ್ಲ. ಅವ್ರು ಇರೋ ಹೊತ್ತಿಗೆ ಆಗ್ಬೇಕು."

ಅಲ್ಲಿಂದ ಮುಂದೆ ಗುರುವಾರಗಳಂದು ಭಾವ ಓಕ್ಲ್ಯಾಂಡಿಗೆ ಹೊರಡುವಾಗ ಅವರ ಕೈಯಲ್ಲಿ ಒಂದು ಡಬ್ಬ ಇರತೊಡಗಿತು. ಹಲ್ಲಿಲ್ಲದ ಬಾಯಿಗೆ ಹಗುರವಾಗಲಿ ಎಂದು ಒಮ್ಮೆ ರವೆ ಪಾಯಸ, ಒಮ್ಮೆ ಮೆತ್ತಗಿನ ಇಡ್ಲಿ. ಮೀನು ಹಿಡಿದವಳ ಮಗಳಿಗೆ ಇಡ್ಲಿ ಬಹಳ ಹಿಡಿಸಿತು. ಚಟ್ನಿಯನ್ನು ಮಾತ್ರ ಅವರು ಬಿಸ್ಕತ್ತಿಗೆ ಹಚ್ಚಿಕೊಂಡು ತಿನ್ನುತ್ತಿದ್ದರಂತೆ. ಭಾವ ಇದನ್ನು ಅಕ್ಕನಿಗೆ ಹೇಳದೆ ಮುಚ್ಚಿಟ್ಟರು.

ಹನ್ನೊಂದನೆಯ ಪತ್ರಕ್ಕೆ ಮೂರೇ ವಾರದಲ್ಲಿ ಉತ್ತರ ಬಂತು. ಹೋಟೆಲಿಗೆ ಹೊಸ ಮ್ಯಾನೇಜರ್ ಬಂದಿದ್ದಳು. ಹಿಂದಿನವರು ಒಂದು ಕಡತದಲ್ಲಿ ಬಚ್ಚಿಟ್ಟಿದ್ದ ಹತ್ತು ಪತ್ರಗಳನ್ನೂ ಓದಿದೆ, ನನ್ನ ಅಜ್ಜಿಯೂ ಇಂಥದ್ದೇ ಮನೆಯೊಂದರಲ್ಲಿ ನೆಲ ಒರೆಸುತ್ತಿದ್ದಳು, ಹಳೆಯ ಫಲಕ ತೆಗೆಸಿ ಹೊಸದು ಹಾಕಿಸಿದ್ದೇನೆ ಎಂದು ಬರೆದಿದ್ದಳು. ಜೊತೆಗೆ ಫೋಟೋ. ಅದೇ ಮೀನು. ಕೆಳಗೆ ಹೊಳೆಯುವ ಹಿತ್ತಾಳೆಯ ಪಟ್ಟಿ. ಈ ಮೀನನ್ನು ಹಿಡಿದವಳು ಈ ಮನೆಯ ಅಡುಗೆಮನೆಯ ಕೆಲಸದ ಹುಡುಗಿ ಎಂದು ಬರೆದು, ಅವಳ ಹೆಸರು: ಬರ್ಡಿ.

ಭಾವ ಫೋಟೋವನ್ನು ಎರಡು ಸಲ ಹತ್ತಿರ ತಂದು ನೋಡಿದರು. ಬ್ರೈಡಿ ಹೋಗಿ ಬರ್ಡಿ, ಅಂದರೆ ಪುಟ್ಟ ಹಕ್ಕಿ, ಆಗಿತ್ತು.

"ಮೇಜರ್ ಹಿಡ್ದ ಅಂತ ನೂರ್ ವರ್ಷ. ಈಗ ಹಕ್ಕಿ ಹಿಡೀತು ಅಂತ ಇನ್ ನೂರ್ ವರ್ಷ," ಎಂದು ಆಗಲೇ ಹನ್ನೆರಡನೆಯ ಪತ್ರಕ್ಕೆ ಕೂತರು.

ಫೋಟೋವನ್ನು ಮೌರಾ ಅವರಿಗೆ ತೋರಿಸುವುದೋ ಬೇಡವೋ ಎಂದು ಭಾವನಿಗೆ ಗೊಂದಲ. ತಪ್ಪಿರುವ ಕಾಗದವನ್ನು ಯಾರಿಗೂ ತೋರಿಸಿದವರಲ್ಲ. ಕೊನೆಗೆ ಚಿನ್ನಿಯೇ ತನ್ನ ಫೋನಿನಲ್ಲಿ ತೋರಿಸಿದಳು. ಅಜ್ಜಿ ಅದನ್ನು ಓದಿ ಕೆಮ್ಮು ಬರುವಷ್ಟು ನಕ್ಕರು. ನರ್ಸು ಓಡಿ ಬಂದಳು. ಅಪ್ಪ ಅಮ್ಮನನ್ನು ಪ್ರೀತಿಯಿಂದ ಬರ್ಡಿ ಅಂತಲೇ ಕರೀತಿದ್ದ, ಹಾಗೇ ಇರಲಿ ಬಿಡು ಎಂದರು. ನಿಜವೋ, ಭಾವನನ್ನು ಸಮಾಧಾನ ಮಾಡಲು ಹೇಳಿದ್ದೋ, ನಮಗೆ ಗೊತ್ತಿಲ್ಲ. ಭಾವ ಮಾತ್ರ ಪತ್ರವನ್ನು ಅಂಚೆಗೆ ಹಾಕಿಯೇ ಹಾಕಿದರು. ಎರಡು ತಿಂಗಳಿಗೆ ಸರಿಯಾದ ಹೆಸರಿನ ಫಲಕವೂ ಬಂತು. ಅದರ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅಜ್ಜಿಯ ಹಾಸಿಗೆಯ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಬಂದರು. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಆ ವೃದ್ಧರ ಮನೆಯಲ್ಲಿ ನಿಯಮವಿತ್ತು. ನಿಯಮ ಎಂದರೆ ಪ್ರಾಣ ಬಿಡುವ ನಮ್ಮ ಭಾವ ಅಂದು ಅದನ್ನು ಓದಲೇ ಇಲ್ಲವಂತೆ.

ಮೌರಾ ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ಚಿನ್ನಿಗೆ ಫೋನು ಬಂತು. ಓಕ್ಲ್ಯಾಂಡಿನ ಚರ್ಚಿನಲ್ಲಿ ಪ್ರಾರ್ಥನೆ. ನಾವು ನಾಲ್ವರೂ ಹೋದೆವು. ಅಜ್ಜಿಯ ತಮ್ಮನ ಮೊಮ್ಮಗಳು ಒಬ್ಬಳು ದೂರದ ಊರಿನಿಂದ ಬಂದಿದ್ದಳು. ವೃದ್ಧರ ಮನೆಯ ಕೆಲವು ಕೆಲಸಗಾರರು, ಒಂದಿಬ್ಬರು ಹಳೆಯ ನರ್ಸುಗಳು. ಅಷ್ಟು ದೊಡ್ಡ ಚರ್ಚಿನಲ್ಲಿ ಎರಡು ಬೆಂಚು ತುಂಬಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಪೆಟ್ಟಿಗೆಯನ್ನು ಹೊರಗಿನ ವಾಹನಕ್ಕೆ ಒಯ್ಯಬೇಕು. ಹೊರಲು ಆರು ಜನ ಬೇಕು. ಐವರಿದ್ದರು. ಆ ಮೊಮ್ಮಗಳು ಸುತ್ತ ನೋಡಿ, ಸಂಕೋಚದಿಂದ ನಮ್ಮ ಬೆಂಚಿನ ಹತ್ತಿರ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಭಾವ ಎದ್ದು ನಿಂತಿದ್ದರು.

"ರೀ, ನಿಮ್ಮ ಬೆನ್ನು," ಎಂದಳು ಅಕ್ಕ ಪಿಸುಮಾತಿನಲ್ಲಿ.

ಭಾವ ಅವಳ ಭುಜ ಮುಟ್ಟಿ ಮುಂದೆ ಹೋದರು. ಉಳಿದ ಐವರು ಹಿಡಿಕೆ ಹಿಡಿದು ಸೊಂಟದ ಮಟ್ಟದಲ್ಲಿ ಎತ್ತಿದರು. ಭಾವ ಮಾತ್ರ ಬಗ್ಗಿ ಅದರ ಅಂಚಿಗೆ ಹೆಗಲು ಕೊಟ್ಟರು. ಪೆಟ್ಟಿಗೆ ಒಂದು ಕಡೆ ವಾಲಿತು. ಮುಂದಿದ್ದವನು ಹಿಂತಿರುಗಿ ನೋಡಿದ, ಏನನ್ನಿಸಿತೋ, ತಾನೂ ಹೆಗಲಿಗೇರಿಸಿದ. ಒಬ್ಬೊಬ್ಬರಾಗಿ ಆರೂ ಜನ ಹೆಗಲ ಮೇಲೆ ಹೊತ್ತು, ಹೆಜ್ಜೆ ತಪ್ಪುತ್ತ, ಮೆಟ್ಟಿಲಿಳಿದು ಹೋದರು.

ಚಿನ್ನಿ ಓಕ್ಲ್ಯಾಂಡಿನಲ್ಲೇ ಉಳಿದಳು, ನಾವು ಮೂವರು ಮನೆಗೆ ಮರಳಿದೆವು. ಡ್ಯಾನ್‌ವಿಲ್ ಮುಟ್ಟಿ ಕಾರು ನಿಲ್ಲಿಸಿದರೆ ಭಾವ ಮುಂಬಾಗಿಲ ಕಡೆ ಬರಲೇ ಇಲ್ಲ. ಪಕ್ಕದ ಗೇಟು ತೆರೆದು ಹಿತ್ತಲಿಗೆ ನಡೆದರು. ಈ ದೇಶಕ್ಕೆ ಬಂದ ಮೇಲೆ ಜೊತೆ ಕೆಲಸದವರು, ನೆರೆಯವರು ಎಷ್ಟೋ ಜನರ ಅಂತ್ಯಕ್ರಿಯೆಗೆ ಹೋಗಿದ್ದಾರೆ. ಬಂದು ಶೂ ಬಿಚ್ಚಿ ಒಳಗೆ ಹೋಗಿ ಕಾಫಿ ಕುಡಿದಿದ್ದಾರೆ. ಅವತ್ತು ಕೋಟು, ಅಂಗಿ ಕಳಚಿ ಬೇಲಿಯ ಮೇಲೆ ಹಾಕಿ, ಗಿಡಗಳಿಗೆ ನೀರು ಬಿಡುವ ಪೈಪನ್ನು ಎತ್ತಿ ತಲೆಯ ಮೇಲೆ ಹಿಡಿದುಕೊಂಡರು. ಮನೆಯವರು ಯಾರಾದರೂ ಹೋದಾಗ ನಮ್ಮಲ್ಲಿ ಹಾಗೆಯೇ ತಾನೇ, ತಲೆಗೆ ನೀರು ಬೀಳದೆ ಹೊಸ್ತಿಲು ದಾಟುವುದಿಲ್ಲ.

ಫೆಬ್ರವರಿಯ ಚಳಿ. ನೀರು ಬಿದ್ದ ಕೂಡಲೆ ಅವರ ಮೈ ನಡುಗತೊಡಗಿತು. ನಾನು ಬೇಡ ಭಾವ ಎನ್ನಲು ಹೊರಟೆ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಹೊಗೆಯಾಡುವ ನೀರಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಪೈಪನ್ನು ಅವರ ಕೈಯಿಂದ ಬಿಡಿಸಿ ಹುಲ್ಲಿನ ಮೇಲೆ ಹಾಕಿದಳು.

"ತಲೆ ಬಗ್ಗಿಸಿ," ಎಂದಳು.

ಭಾವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿದರು. ಅಕ್ಕ ಚೊಂಬಿನಲ್ಲಿ ತುಂಬಿ ತುಂಬಿ ಹುಯ್ದಳು. ಭಾವನ ಭುಜಗಳು ಅದುರುತ್ತಿದ್ದದ್ದು ಚಳಿಗಲ್ಲ ಎಂದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಅಕ್ಕ ಒಂದು ಕೈಯನ್ನು ಅವರ ನೆತ್ತಿಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ನೀರು ಹುಯ್ಯುತ್ತಲೇ ಇದ್ದಳು. ಬಕೆಟ್ಟಿನ ತಳ ಕಂಡಾಗ ನಾನು ಇನ್ನಷ್ಟು ನೀರು ಕಾಯಿಸಲು ಒಳಗೆ ಹೋದೆ.